ಬೈಲಕುಪ್ಪೆಯ ಹುರಿಹಿಟ್ಟು

ಹಿರೀಸಾವೆಯಲ್ಲಿ ಬಸ್ಸು ಹತ್ತುವಾಗ ಅಮ್ಮ ಚೀಲಕ್ಕೆ ಎರಡು ತೆಂಗಿನಕಾಯಿ ತುರುಕಿದ್ದಳು. ಚನ್ನರಾಯಪಟ್ಟಣ, ಹೊಳೆನರಸೀಪುರದ ಹೇಮಾವತಿ, ಅರಕಲಗೂಡು, ಕೊಣನೂರಿನ ಕಾವೇರಿ. ಕುಶಾಲನಗರವನ್ನೂ ದಾಟಿ ಬೈಲಕುಪ್ಪೆಯಲ್ಲಿ ಇಳಿದರೆ, ಮುಸುಕಿನ ಜೋಳದ ಹೊಲಗಳ ನಡುವೆ ಮಂತ್ರ ಬರೆದ ಬಾವುಟಗಳು ಪಟಪಟ ಬಡಿಯುತ್ತಿದ್ದವು. ಅರ್ಧ ದಿನದಲ್ಲಿ ಟಿಬೆಟ್ಟು!

ಟಿಬೆಟ್ ತೊರೆದು ಬಂದವರು 1961ರ ಸುಮಾರಿಗೆ ಇಲ್ಲಿ ಕಾಡು ಕಡಿದು ನೆಲೆ ನಿಂತರು. 1963ರಲ್ಲಿ ಪೆನೋರ್ ರಿಂಪೋಚೆ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠದೊಳಗೆ ಕಾಲಿಟ್ಟಾಗ ಮಾತೇ ಹೊರಡಲಿಲ್ಲ. ನಮ್ಮ ಶ್ರವಣಬೆಳಗೊಳದ ಗೊಮ್ಮಟ 58 ಅಡಿ, ಬಟ್ಟಬಯಲಲ್ಲಿ ಬರಿಮೈಯಲ್ಲಿ ನಿಂತವನು. ಇಲ್ಲಿನ ಬುದ್ಧ ಸುಮಾರು ಅಷ್ಟೇ ಎತ್ತರ, ಆದರೆ ಸೂರಿನಡಿ ಹೊನ್ನಿನ ಹೊಳಪಲ್ಲಿ ಕುಳಿತವನು. ಆಳುದ್ದಕ್ಕೂ ಮೀರಿದ ಕಹಳೆಗಳ ದನಿ ಎದೆಗೂಡಿನಲ್ಲಿ ಗುಂಯ್‌ಗುಟ್ಟಿತು.

ಹೊರಗೆ ಚಹಾದಂಗಡಿಯ ಟಿಬೆಟನ್ ಅಜ್ಜಿ ಕನ್ನಡದಲ್ಲೇ ಕೇಳಿದಳು, "ಯಾವೂರಪ್ಪ?"

"ಹಿರೀಸಾವೆ, ಅಜ್ಜಿ."

"ಚನ್ರಾಯಪಟ್ಣದ ಕಡೆ! ಚಳಿಗಾಲದಲ್ಲಿ ಸ್ವೆಟರ್ ಮಾರೋಕೆ ಬರ್ತಿದ್ದೆ. ತೆಂಗು ಚೆನ್ನಾಗದೆ ಅಲ್ಲಿ."

ಕನ್ನಡ ಎಲ್ಲಿ ಕಲಿತಿರಿ ಎಂದು ಕೇಳಿದರೆ, ಹೊಲದ ಕೆಲಸಕ್ಕೆ ಬರುತ್ತಿದ್ದ ಹೆಂಗಸರ ಜೊತೆ ಕಳೆ ಕೀಳುತ್ತಾ ಎಂದಳು. ಬೆಣ್ಣೆ, ಉಪ್ಪು ಹಾಕಿದ ಚಹಾದಲ್ಲಿ ಹುರಿದ ಬಾರ್ಲಿ ಹಿಟ್ಟು ಕಲಸಿ ಉಂಡೆ ಮಾಡಿ ಕೊಟ್ಟಳು. ಅದು ತ್ಸಂಪಾ. "ಅಯ್ಯೋ, ನಮ್ಮ ರಾಗಿ ಹುರಿಹಿಟ್ಟೇ ಇದು!" ಎಂದೆ. ಅಜ್ಜಿ ಅಲ್ಲವೆಂದು ತಲೆಯಾಡಿಸಿದಳು. "ನಿಮ್ದು ಬೆಲ್ಲದ್ದು. ಇದು ಚಳೀಲಿ ಕುರಿ ಕಾಯೋರ ಊಟ. ಬೇರೆ."

ಆ "ಬೇರೆ" ಎಂಬ ಮಾತು ಮನಸ್ಸಿನಲ್ಲೇ ಉಳಿಯಿತು. ಬೇರೆ ಸಂಸ್ಕೃತಿಯವರೊಡನೆ ಬಾಳುವ ಜಾಣ್ಮೆಯನ್ನು ಅರಿಯಲು ಅಮೆರಿಕದ ಮಿಲ್ಟನ್ ಬೆನೆಟ್ 1986ರಲ್ಲಿ ಆರು ಹಂತ ಗುರುತಿಸಿದರು. ಬೇರೆಯವರನ್ನು ಕಾಣದೇ ಇರುವುದು ಮೊದಲನೆಯದು, ನಮ್ಮದೇ ಮೇಲೆನ್ನುವುದು ಎರಡನೆಯದು. "ಎಲ್ಲಾ ಒಂದೇ" ಎನ್ನುವುದನ್ನು ನಾವು ದೊಡ್ಡತನವೆಂದು ಬಗೆಯುತ್ತೇವಲ್ಲ, ಅದಿನ್ನೂ ಮೂರನೆಯದು. ಭೇದವನ್ನು ಒಪ್ಪುವುದು, ಅದಕ್ಕೆ ಹೊಂದಿಕೊಳ್ಳುವುದು, ಎರಡೂ ಕಡೆ ಮನೆಯವರಾಗುವುದು ಅದರಾಚೆಗೆ. ಬೆಲ್ಲಕ್ಕೂ ಉಪ್ಪಿಗೂ ಇರುವ ಅಂತರ ಬಲ್ಲ ಅಜ್ಜಿ ನನಗಿಂತ ಬಹಳ ಮೇಲಿದ್ದಳು. ಅವಳ ಭಾಷೆಯ ಒಂದು ಪದವೂ ನನಗೆ ಬರುತ್ತಿರಲಿಲ್ಲ. ಕೇಳಿ ಕಲಿತೆ: "ಥುಕ್ ಜೆ ಛೆ", ಅಂದರೆ ಧನ್ಯವಾದ. ಮೂರು ಸಲ ತಿದ್ದಿದಳು.

ಚೀಲದಿಂದ ಒಂದು ಕಾಯಿ ತೆಗೆದು ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಳು. "ದೇವರ ಮುಂದೆ ನೀವು ಒಡೀತೀರಿ, ಗೊತ್ತು. ನಾನು ಹಿಂಗೇ ಇಡ್ತೀನಿ" ಎಂದು ದಲೈ ಲಾಮಾ ಪಟದ ಕೆಳಗೆ, ಉರಿಯುತ್ತಿದ್ದ ದೀಪದ ಪಕ್ಕ, ಜುಟ್ಟು ಮೇಲಾಗಿ ಇಟ್ಟಳು.