ಅಳತೆ ರವಿಕೆ

ಅಂಗಡಿಯಿಂದ ಸಿದ್ಧ ಉಡುಪು ತಂದು ತೊಡುವವರಿಗೆ ದರ್ಜಿಯ ನೆನಪು ಬರುವುದಿಲ್ಲ. ಕಂಪ್ಯೂಟರಿನ ವಿಚಾರವೂ ಹಾಗೆಯೇ. ಎಲ್ಲವೂ ಸಿದ್ಧವಾಗಿ ಬಂದರೆ, ಒಳಗೊಂದು ಹೊಲಿಗೆ ಇದೆಯೆಂಬುದೇ ನಮಗೆ ತಿಳಿಯದು.

ನಮ್ಮ ಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬ ತಾನು ಬಳಸಿ ಬಿಟ್ಟ ಎರಡು ಲ್ಯಾಪ್‌ಟಾಪ್ ಕೊಟ್ಟ. ಹಳೆಯ ಯಂತ್ರಕ್ಕೆ ಹಗುರವೆಂದು ಲಿನಕ್ಸನ್ನೂ ಹಾಕಿಕೊಟ್ಟ. ಒಳಗಿನ ವೈಫೈ ಮಾತ್ರ ಎರಡರಲ್ಲೂ ಕೆಟ್ಟಿತ್ತು. ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ವೈಫೈ ಕಾರ್ಡ್ ತಂದೆವು. ಅದರ ದೀಪ ಮಿನುಗಲಿಲ್ಲ. ‘ಗುಜರಿಗೆ ಹಾಕಿ ಮೇಡಂ’ ಎಂದರು ಸಹೋದ್ಯೋಗಿಯೊಬ್ಬರು. ಹತ್ತನೆಯ ತರಗತಿಯ ನಾಲ್ವರು ಹುಡುಗಿಯರು ನನ್ನ ಮುಖ ನೋಡಿದರು. ಅಪ್ಪನ ಫೋನು ಅಣ್ಣನ ಕೈ ದಾಟಿ ಇವರಿಗೆ ಸಿಗುವುದು ರಾತ್ರಿ ಹತ್ತರ ಮೇಲೆ. ಯಂತ್ರ ಗುಜರಿಗೆ ಹೋದರೆ ನಷ್ಟ ಯಾರದೆಂದು ಬೇರೆ ಹೇಳಬೇಕೆ?

ಕಾರ್ಡಿನೊಡನೆ ಮಾತಾಡಲು ಲಿನಕ್ಸಿನ ಕರ್ನೆಲ್ಲಿಗೆ ದುಭಾಷಿಯೊಬ್ಬ ಬೇಕು, ಅವನೇ ಡ್ರೈವರ್. ನಮ್ಮ ಕಾರ್ಡಿನ ಡ್ರೈವರ್ ಕರ್ನೆಲ್ಲಿನ ಜೊತೆ ಬಂದಿರಲಿಲ್ಲ. ಅದರ ಮೂಲ ಬರಹ ಮಾತ್ರ ಎಲ್ಲರಿಗೂ ಮುಕ್ತವಾಗಿತ್ತು. ಅದನ್ನು ಇಳಿಸಿಕೊಂಡು ಕಂಪೈಲ್ ಮಾಡಬೇಕು. ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು! ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ನನ್ನ ಫೋನನ್ನು ಕೇಬಲ್ಲಿನಿಂದ ಜೋಡಿಸಿ, ಅದರ ಇಂಟರ್ನೆಟ್ಟಿನಿಂದ ಆ ಗಂಟು ಬಿಡಿಸಿದೆವು.

ಬಟ್ಟೆಯೇನೋ ಬಂತು, ಅಳತೆ? ಅದಕ್ಕೆ ಕರ್ನೆಲ್ ಹೆಡರ್ ಎಂಬ ಕಡತಗಳಿವೆ. ದರ್ಜಿಗೆ ನಾವು ಕೊಡುವ ಅಳತೆ ರವಿಕೆ ಇದ್ದಂತೆ ನೋಡಿ. ಯಂತ್ರದಲ್ಲಿ ಯಾವ ಆವೃತ್ತಿಯ ಕರ್ನೆಲ್ ನಡೆಯುತ್ತಿದೆಯೋ ಅದೇ ಆವೃತ್ತಿಯ ಹೆಡರ್ ಬೇಕು. ತಂದು, ‘ಮೇಕ್’ ಎಂದು ಆಜ್ಞೆ ಕೊಟ್ಟೆವು. ಪರದೆಯ ತುಂಬ ಸಾಲುಗಳು ಹರಿದು, ಕೊನೆಗೆ ‘ಕೆಒ’ ಎಂಬ ಬಾಲವುಳ್ಳ ಕಡತವೊಂದು ಹುಟ್ಟಿತು. ಅದನ್ನು ಅದರ ಜಾಗದಲ್ಲಿರಿಸಿ ‘ಮಾಡ್‌ಪ್ರೋಬ್’ ಎಂದೊಡನೆ ಕಾರ್ಡಿನ ದೀಪ ಮಿನುಗಿತು.

‘ಇದನ್ನೇ ಪೆನ್‌ಡ್ರೈವಿನಲ್ಲಿ ಇನ್ನೊಂದಕ್ಕೆ ಒಯ್ದರಾಗದೇ?’ ಎಂದಳೊಬ್ಬಳು. ಒಯ್ದು ನೋಡೆಂದೆ. ಅಲ್ಲಿನ ಕರ್ನೆಲ್ ಬೇರೆ ಆವೃತ್ತಿಯದು. ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಎಂದು ತಳ್ಳಿಹಾಕಿತು. ಅಕ್ಕನ ರವಿಕೆ ತಂಗಿಗೆ ಹಿಡಿಯಲಿಲ್ಲ. ಅದಕ್ಕೂ ಬೇರೆ ಅಳತೆ ತೆಗೆದು ಹೊಲಿದೆವು. ಮುಂದೆ ಕರ್ನೆಲ್ ಬದಲಾದಾಗಲೆಲ್ಲ ತಾನೇ ಹೊಲಿದುಕೊಡಲು ಡಿಕೆಎಂಎಸ್ ಎಂಬ ಮನೆದರ್ಜಿಯನ್ನೂ ಕೂರಿಸಿದೆವು.

‘ಮೇಡಂ, ಕಷ್ಟಪಟ್ಟು ಬರೆದವರು ಸುಮ್ಮನೆ ಯಾಕೆ ಕೊಟ್ಟರು?’ ಎಂದು ಅವಳೇ ಕೇಳಿದಳು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಈ ಕರ್ನೆಲ್ ಬರೆದದ್ದನ್ನು, 1992ರಲ್ಲಿ ಅದಕ್ಕೆ ಜಿಪಿಎಲ್ ಪರವಾನಗಿ ಕೊಟ್ಟದ್ದನ್ನು ಹೇಳಿದೆ. ಪಡೆದದ್ದನ್ನು ಇತರರಿಗೆ ಹಂಚುವಾಗ ಮೂಲ ಬರಹವನ್ನೂ ಕೊಡಬೇಕೆಂಬುದು ಅದರ ಷರತ್ತು. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ಪುಗಳಿಗೆ ಮುಕ್ತ ಡ್ರೈವರ್ ಇಲ್ಲದಾಗ, ಒಂದು ತಂಡ ಮುಚ್ಚಿದ ಡ್ರೈವರನ್ನು ಬಗೆದು ವಿವರ ಬರೆಯಿತು. ಇನ್ನೊಂದು ತಂಡ ಆ ವಿವರವನ್ನಷ್ಟೇ ಓದಿ ಹೊಸ ಡ್ರೈವರ್ ಬರೆಯಿತು. 2006ರಲ್ಲಿ ಅದು ಕರ್ನೆಲ್ ಸೇರಿತು. 2010ರಲ್ಲಿ ಆ ಕಂಪನಿಯೇ ತನ್ನ ಕೆಲವು ಚಿಪ್ಪುಗಳಿಗೆ ಮುಕ್ತ ಡ್ರೈವರ್ ಹೊರತಂದಿತು.

ಹುಡುಗಿ ಕೇಳಿ ಸುಮ್ಮನಾದಳು. ಮರುದಿನ ಉಳಿದವರು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಹುಡುಕುತ್ತಿದ್ದರೆ, ಇವಳು ಡ್ರೈವರಿನ ಮೂಲ ಬರಹ ತೆರೆದು, ಸಾಲಿಗೊಂದು ಬೆರಳಿಟ್ಟು ಓದುತ್ತಿದ್ದಳು. ಮನೆಗೆ ಹೋಗುವ ಗಂಟೆ ಬಾರಿಸಿತು. ಅವಳು ಏಳಲಿಲ್ಲ, ನಾನೂ ಎಬ್ಬಿಸಲಿಲ್ಲ.