ಸುಕ್ಕಿಗೆ ಮದ್ದುಂಟೆ?

ಚೌಡಾಪುರದ ತೊಗರಿಹೊಲಗಳಲ್ಲಿ ದುಡಿಯುವ ತಾಯಂದಿರು, "ಅಪ್ಪಾರ, ಮಾರಿ ಸುಕ್ಕಿಗಿ ಏನಾರ ತಪ್ಪಲ ಹೇಳ್ರಿ" ಎಂದು ನಮ್ಮನ್ನು ಕೇಳುವುದುಂಟು. ಆಯುರ್ವೇದದಲ್ಲಿ ಲೋಳೆಸರಕ್ಕೆ 'ಕುಮಾರಿ' ಎಂದೇ ಹೆಸರು. ಆಸೆ ಹುಟ್ಟುವುದು ಸಹಜ. 45 ವರ್ಷ ಮೀರಿದ 30 ಸ್ತ್ರೀಯರಿಗೆ 90 ದಿನ ಅದರ ತಿರುಳನ್ನು ಸೇವಿಸಲು ಕೊಟ್ಟಾಗ ಸುಕ್ಕು ಕೊಂಚ ತಗ್ಗಿತೆಂದು ಕೊರಿಯಾದ ವೈದ್ಯರು 2009ರಲ್ಲಿ ಪ್ರಕಟಿಸಿದರು. ಆದರೆ ಅದನ್ನು ಸೇವಿಸದವರೊಡನೆ ಹೋಲಿಸಿ ನೋಡಲಿಲ್ಲ. ಇದು ಸುಳಿವಾದೀತು, ಪ್ರಮಾಣವಾಗದು.

ನಿಂಬೆರಸವಂತೂ ಬೇಡವೇ ಬೇಡ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು; ಅಂತಹ ಮುಖ ಹೊತ್ತು ಬಂದ ಮಗಳೊಬ್ಬಳನ್ನು ಕಂಡು ಮರುಗಿದ್ದೇವೆ.

ಯಾವ ರೈತನಾದರೂ ಅಂಗಿಯ ತೋಳನ್ನು ಮೇಲೇರಿಸಿ ನೋಡಿಕೊಳ್ಳಲಿ. ಮರೆಯಲ್ಲಿದ್ದ ಚರ್ಮ ನುಣುಪು, ಮುಂಗೈ ಬರಡು. ವಯಸ್ಸು ಎರಡಕ್ಕೂ ಒಂದೇ. ಮುಪ್ಪಿಗಿಂತ ಬಿಸಿಲಿನ ಪಾಲೇ ಹೆಚ್ಚು. ಆಸ್ಟ್ರೇಲಿಯದಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಬಿಸಿಲು ತಡೆಯುವ ಲೇಪವನ್ನು ಮನಬಂದಾಗ ಹಚ್ಚಿದವರಿಗಿಂತ ನಿತ್ಯವೂ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇ. 24ರಷ್ಟು ಕಡಿಮೆ. ಆ ಲೇಪ ಕೂಲಿಯವರಿಗೆ ದುಬಾರಿ. ಮುಂದೆಳೆದ ಸೆರಗು, ಅಗಲವಾಗಿ ಸುತ್ತಿದ ರುಮಾಲು, ನಡುಮಧ್ಯಾಹ್ನ ಬದುವಿನ ಬೇವಿನ ನೆರಳು, ಇವಕ್ಕೆ ಕಾಸು ಬೇಕಿಲ್ಲ.