ಕೈ ಬಿಡುವ ಹಾಗಿಲ್ಲ

1990ರ ಜೂನ್ 10, ಭಾನುವಾರ ಬೆಳಿಗ್ಗೆ. ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಾಲಗಾಗೆ ಹೊರಟ ಬ್ರಿಟಿಷ್ ಏರ್‌ವೇಸ್ 5390 ಇನ್ನೂ ಮೇಲೇರುತ್ತಿದೆ. ನೀವೀಗ ನೈಜೆಲ್ ಆಗ್ಡನ್, ವಿಮಾನದ ಪರಿಚಾರಕ. ಕಾಕ್‌ಪಿಟ್ ಬಾಗಿಲಿನ ಬಳಿ ನಿಂತಿದ್ದೀರಿ.

ಢಂ!

ಕಿವಿ ಗವ್ವೆನ್ನುತ್ತದೆ. ಕಣ್ಣೆದುರು ಬರೀ ಬಿಳಿ ಮಂಜು. ಅದು ಕರಗಿದರೆ ಎಡಗಡೆಯ ಮುಂಗಾಜೇ ಇಲ್ಲ. ಸೀಟಿನಲ್ಲಿ ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಇಲ್ಲ. ಅವರ ಕಾಲುಗಳಷ್ಟೇ ಒಳಗಿವೆ, ಚಾಲನಾ ದಂಡಕ್ಕೆ ಸಿಕ್ಕಿಕೊಂಡಿವೆ. ಉಳಿದ ದೇಹ 17,300 ಅಡಿ ಎತ್ತರದಲ್ಲಿ, ವಿಮಾನದ ನೆತ್ತಿಯ ಮೇಲೆ ಮಡಚಿ ಬಿದ್ದಿದೆ.

ಹಾರಿ ಸೊಂಟ ತಬ್ಬುತ್ತೀರಿ. ಕಿತ್ತುಬಂದ ಕಾಕ್‌ಪಿಟ್ ಬಾಗಿಲು ನಿಯಂತ್ರಣಗಳ ಮೇಲೆ ಬಿದ್ದಿದೆ. ವಿಮಾನ ಕೆಳಕ್ಕೆ ಧುಮುಕುತ್ತಿದೆ. ಸಹ ಪೈಲಟ್ ಅಲಸ್ಟೇರ್ ಆಚಿಸನ್ ಒಬ್ಬರೇ ಅದನ್ನು ಹತೋಟಿಗೆ ತರುತ್ತಿದ್ದಾರೆ. ರೇಡಿಯೊದಲ್ಲಿ ಬರುವ ಉತ್ತರ ಗಾಳಿಯ ಅಬ್ಬರಕ್ಕೆ ಕೇಳಿಸುತ್ತಿಲ್ಲ.

ಇದಕ್ಕೆ 27 ಗಂಟೆ ಹಿಂದೆ, ರಾತ್ರಿ ಪಾಳಿಯಲ್ಲಿ, ಈ ಗಾಜನ್ನು ಬದಲಿಸಲಾಗಿತ್ತು. ಹಳೇ ಬೋಲ್ಟಿಗೆ ಹೊಸದನ್ನು ಹೋಲಿಸಿ ಆರಿಸಿದ್ದು ಮಂದ ಬೆಳಕಿನಲ್ಲಿ, ಬರೀ ಕಣ್ಣಳತೆಯಲ್ಲಿ. 90ರಲ್ಲಿ 84 ಬೋಲ್ಟ್‌ಗಳು ಇರಬೇಕಾದ್ದಕ್ಕಿಂತ 0.66 ಮಿಲಿಮೀಟರ್ ಸಪೂರ. ಉಳಿದ ಆರು ಗಿಡ್ಡ. ಗಾಜನ್ನು ಕೂರಿಸುವುದು ಹೊರಗಡೆಯಿಂದ. ವಿಮಾನ ಏರಿದಂತೆ ಒಳಗಿನ ಒತ್ತಡ ಅದನ್ನು ಆಚೆಗೆ ತಳ್ಳುತ್ತದೆ, ತಡೆಯಬೇಕಾದ್ದು ಈ ಬೋಲ್ಟ್‌ಗಳೇ. ಉಗುರಿನಷ್ಟು ದಪ್ಪದ ವ್ಯತ್ಯಾಸ ನಿಮ್ಮ ತೋಳಿಗೆ ಬಂದು ಜೋತುಬಿದ್ದಿದೆ.

ತೋಳು ಮರಗಟ್ಟುತ್ತಿದೆ. ಬೆರಳುಗಳು ಎಲ್ಲಿವೆಯೋ ತಿಳಿಯುತ್ತಿಲ್ಲ. ದೇಹ ಇಂಚಿಂಚೇ ಜಾರುತ್ತಿದೆ. ಬೇರೆಯವರು ಓಡಿಬಂದು ಹಿಡಿಯುತ್ತಾರೆ, ಎಳೆಯುತ್ತಾರೆ. ಆಗುವುದಿಲ್ಲ, ಗಾಳಿಯ ಕೈಯೇ ಮೇಲು. ಪಕ್ಕದ ಕಿಟಕಿಗೆ ಕ್ಯಾಪ್ಟನ್ನರ ತಲೆ ಬಡಿಯುತ್ತಿದೆ. ಕಣ್ಣುಗಳು ತೆರೆದೇ ಇವೆ. ರೆಪ್ಪೆ ಮಿಟುಕುತ್ತಿಲ್ಲ.

ಹೋಗಿಬಿಟ್ಟಿದ್ದಾರೆ ಎಂದೇ ಎಲ್ಲರ ಲೆಕ್ಕ. ಹಾಗಿದ್ದರೆ ಬಿಡಬಹುದೆ? ಆಚಿಸನ್ ಒಪ್ಪುವುದಿಲ್ಲ. ದೇಹ ರೆಕ್ಕೆಗೆ ಬಡಿದರೆ? ಹಿಂದಿನ ಎಂಜಿನ್ನಿಗೆ ಹೊಕ್ಕರೆ? ಒಳಗೆ 81 ಪ್ರಯಾಣಿಕರಿದ್ದಾರೆ. ಅದಷ್ಟೇ ಅಲ್ಲ, ಅಷ್ಟು ಹೊತ್ತು ತಬ್ಬಿಕೊಂಡ ಮನುಷ್ಯನನ್ನು ಯಾವ ಕೈ ತಾನೇ ಗಾಳಿಗೆ ಒಪ್ಪಿಸೀತು? ನಿಮ್ಮ ಕಸುವು ಬಸಿದುಹೋಗಿದೆ. ಜೊತೆಗಾರರೊಬ್ಬರು ಕಾಲುಗಳನ್ನು ದಂಡದಿಂದ ಬಿಡಿಸಿ, ಗಟ್ಟಿಯಾಗಿ ಅವುಚಿಕೊಳ್ಳುತ್ತಾರೆ. ನೀವು ಪಕ್ಕಕ್ಕೆ ಸರಿಯುತ್ತೀರಿ. ತೋಳು ಇನ್ನೂ ಹಿಡಿದ ಹಾಗೇ ಬಾಗಿದೆ.

ಸೌತಾಂಪ್ಟನ್. ಚಕ್ರ ನೆಲ ಮುಟ್ಟುತ್ತದೆ. ಗಾಜು ಹಾರಿ 22 ನಿಮಿಷ. ವಿಮಾನ ನಿಂತ ಮೇಲೂ ಆ ಕಾಲುಗಳನ್ನು ಯಾರೂ ಬಿಟ್ಟಿಲ್ಲ.

ಲ್ಯಾಂಕಾಸ್ಟರ್ ಬದುಕಿದ್ದಾರೆ. ಬಲತೋಳು ಮುರಿದಿದೆ, ಬಲ ಮಣಿಕಟ್ಟು, ಎಡಗೈ ಹೆಬ್ಬೆರಳು ಕೂಡ. ಚಳಿಗೆ ಚರ್ಮ ಬೆಂದಂತಾಗಿದೆ. ಆದರೆ ಉಸಿರಿದೆ.